ಮರಳುವ ಮೊದಲು ಮೂವತ್ತು ದಿನ

(ಸಂಘದ ಸಂಸ್ಥಾಪನಾ ದಿನಾಚರಣೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಸ್ಥಾಪನಾ ದಿನಕ್ಕೆ ಇಪ್ಪತ್ತು ನಿಮಿಷ ಮಾತನಾಡಬೇಕೆಂದು ಕಾರ್ಯದರ್ಶಿಗಳು ಫೋನು ಮಾಡಿ ಹೇಳಿದಾಗ ನಮಗೆ ದಿಗಿಲಾಯಿತು. ನಾವು ಭಾಷಣಕಾರರಲ್ಲ. ಹದಿನಾರು ವರ್ಷ ಒಂದು ಕಂಪನಿಯ ಸ್ಟೋರಿನಲ್ಲಿ ಸಾಮಾನು ಎಣಿಸಿಕೊಂಡಿದ್ದವರು. ನುಡಿ, ನಾಡು, ಸಂಸ್ಕೃತಿಗಳ ಬಗ್ಗೆ ಸೊಗಸಾಗಿ ಮಾತನಾಡಬಲ್ಲವರು ಈ ಸಭೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾವು ಆರಿಸಿಕೊಂಡ ವಿಷಯವನ್ನು ಕೇಳಿ ಕಾರ್ಯದರ್ಶಿಗಳೂ ಒಂದು ಕ್ಷಣ ಸುಮ್ಮನಾದರು. ಹಬ್ಬದ ದಿನ, ಊಟಕ್ಕೆ ಮುಂಚೆ, ಕೆಲಸ ಹೋಗುವ ಮಾತು ಯಾಕೆ ಎಂದು ಅವರಿಗೆ ಅನ್ನಿಸಿರಬೇಕು. ಆದರೆ ಈ ಸಭಾಂಗಣದಲ್ಲಿ ಕುಳಿತವರ ಪೈಕಿ ಕೆಲವರ ಜೇಬಿನಲ್ಲಿ ಇವತ್ತೇ ಅಂತಹ ಒಂದು ಕಾಗದ ಇದೆಯೆಂದು ನಮಗೆ ಗೊತ್ತು. ಅವರು ಹೆಂಡತಿಗೂ ಹೇಳಿಲ್ಲ. ನಾವೂ ಮೂರು ವಾರ ಹೇಳಿರಲಿಲ್ಲ.

ಮಾತಿನುದ್ದಕ್ಕೂ ‘ನಾವು, ನಾವು’ ಎನ್ನುವುದು ದೊಡ್ಡಸ್ತಿಕೆಯಿಂದಲ್ಲ. ಈ ಕಥೆಯಲ್ಲಿ ನಮ್ಮ ಮನೆಯವರ ಪಾಲು ನಮ್ಮದಕ್ಕಿಂತ ಹೆಚ್ಚು. ಅವರು ಊರಿನಲ್ಲಿ ಅಂಗಡಿ ನೋಡಿಕೊಳ್ಳುತ್ತಿರುವುದರಿಂದ ಇಲ್ಲಿ ಮಾತನಾಡುವ ಭಾರ ನಮ್ಮ ಮೇಲೆ ಬಿದ್ದಿದೆ.

ಮೊದಲು ನಮಗೆ ಅನ್ನ ಕೊಟ್ಟ ಈ ದೇಶದ ಮಾತು. 1970ರ ಜುಲೈ ತಿಂಗಳಲ್ಲಿ ಸುಲ್ತಾನ್ ಖಾಬೂಸರು ಪಟ್ಟಕ್ಕೆ ಬಂದಾಗ ಇಡೀ ಒಮಾನಿನಲ್ಲಿ ಇದ್ದದ್ದು ಮೂರು ಶಾಲೆ. ಓದುತ್ತಿದ್ದ ಮಕ್ಕಳು ಸಾವಿರವೂ ಇರಲಿಲ್ಲ, ಅದರಲ್ಲಿ ಹೆಣ್ಣುಮಕ್ಕಳು ಒಬ್ಬರೂ ಇರಲಿಲ್ಲ. ರಸ್ತೆ, ಆಸ್ಪತ್ರೆ, ಬಂದರು ಎಲ್ಲವನ್ನೂ ಒಟ್ಟಿಗೆ ಕಟ್ಟಬೇಕಾಗಿ ಬಂದಾಗ ಕೈಕಸುಬು ಬಲ್ಲವರು ಹೊರಗಿನಿಂದ ಬರಬೇಕಾಯಿತು. ಹಾಗೆ ಬಂದವರಲ್ಲಿ ನಮ್ಮ ಹಿರಿಯರೂ ಇದ್ದರು. ಆದರೆ ಆ ಮಕ್ಕಳು ಶಾಲೆ ಮುಗಿಸಿದ ಮೇಲೆ ಅವರಿಗೂ ಕೆಲಸ ಬೇಕಲ್ಲ? 1994ರ ಅಕ್ಟೋಬರಿನಲ್ಲಿ ಇಲ್ಲಿನ ಸರ್ಕಾರ ಖಾಸಗಿ ಕಂಪನಿಗಳಿಗೆ ಲೆಕ್ಕ ಹಾಕಿಕೊಟ್ಟಿತು. ಸಾರಿಗೆ ಮತ್ತು ಸಂಪರ್ಕದಲ್ಲಿ ಶೇಕಡ 60, ಬ್ಯಾಂಕು ಮತ್ತು ವಿಮೆಯಲ್ಲಿ 45, ಕೈಗಾರಿಕೆಯಲ್ಲಿ 35, ಹೋಟೆಲುಗಳಲ್ಲಿ 30, ವ್ಯಾಪಾರದಲ್ಲಿ 20, ಕಟ್ಟಡ ಗುತ್ತಿಗೆಯಲ್ಲಿ 15, ಇಷ್ಟು ಮಂದಿ ಒಮಾನಿಗಳೇ ಇರಬೇಕು ಎಂದು. ಆಗ ಇಲ್ಲಿದ್ದ ನಮ್ಮ ಹಿರಿಯರು ‘ಒಮನೈಜೇಶನ್’ ಎಂಬ ಶಬ್ದವನ್ನು ಸಿಡಿಲಿನ ಹಾಗೆ ಕೇಳಿದರಂತೆ. 2018ರ ಜನವರಿಯಲ್ಲಿ 87 ಬಗೆಯ ಹುದ್ದೆಗಳಿಗೆ ಹೊಸ ವೀಸಾ ಕೊಡುವುದನ್ನು ಆರು ತಿಂಗಳು ನಿಲ್ಲಿಸಿದಾಗ ನಾವೂ ಕೇಳಿದೆವು. ಆ ಆರು ತಿಂಗಳು ಮುಂದೆಯೂ ಬೆಳೆಯಿತು.

ನಾವು ಗಮನಿಸದೆ ಹೋದದ್ದು ಒಂದಿದೆ. ಹುದ್ದೆ ಕಾದಿರಿಸಿ ಸರ್ಕಾರ ಸುಮ್ಮನೆ ಕೂರಲಿಲ್ಲ. ಆ ಹುದ್ದೆಗೆ ಬೇಕಾದ ಕೆಲಸವನ್ನು ತನ್ನ ಹುಡುಗರಿಗೆ ತನ್ನ ಖರ್ಚಿನಲ್ಲಿ ಕಲಿಸಿತು. ನಾವೆಲ್ಲ ಕಾಗದಪತ್ರ ಟೈಪು ಮಾಡಿಸಲು ಹೋಗಿ ಸಾಲು ನಿಲ್ಲುವ ಸನದ್ ಕಚೇರಿಯನ್ನೇ ನೋಡಿ. 2001ರಲ್ಲಿ ಶುರುವಾದ ಸನದ್ ಎನ್ನುವುದು ಮೂಲತಃ ಒಮಾನಿ ಯುವಕರ ಸ್ವಂತ ಉದ್ಯೋಗದ ಯೋಜನೆ. ಗಾಜಿನ ಆಚೆ ಕುಳಿತು ನಮ್ಮ ಅರ್ಜಿ ತುಂಬುವ ಹುಡುಗ ಅಥವಾ ಹುಡುಗಿ ಒಂದು ಸರ್ಕಾರಿ ಸಹಾಯದ ಫಲ. ಇಷ್ಟು ವರ್ಷ ಅವರ ಮುಂದೆ ನಿಂತರೂ ‘ಹೌದಲ್ಲ, ನಮಗೂ ಇಂಥದ್ದು ಊರಿನಲ್ಲಿ ಇದೆಯೋ?’ ಎಂದು ನಮಗೆ ಹೊಳೆಯಲಿಲ್ಲ.

ನಮ್ಮ ಸ್ಟೋರಿಗೂ ಹಾಗೆಯೇ ಒಬ್ಬ ಹುಡುಗ ಬಂದ. ವೃತ್ತಿ ತರಬೇತಿ ಕೇಂದ್ರದಲ್ಲಿ ಕಲಿತು ಬಂದವನು, ಇಪ್ಪತ್ತೆರಡು ವರ್ಷ. ನಾವು ಕೆಲಸ ಮಾಡುತ್ತಿದ್ದದ್ದು ಎ.ಸಿ. ಬಿಡಿಭಾಗಗಳ ಸ್ಟೋರು. ಕಂಪ್ರೆಸರ್, ಕೆಪಾಸಿಟರ್, ಕಾಂಟ್ಯಾಕ್ಟರ್, ತಾಮ್ರದ ಪೈಪು, ಇವುಗಳ ನಂಬರುಗಳು ನಮಗೆ ಬಾಯಿಪಾಠ. ಅವನು ಒಂದು ನೋಟ್ ಬುಕ್ಕು ಇಟ್ಟುಕೊಂಡು ಅರಬ್ಬಿಯಲ್ಲಿ ಬರೆದುಕೊಳ್ಳುತ್ತಿದ್ದ. ಒಂದು ದಿನ ಒಂದು ಕೆಪಾಸಿಟರನ್ನು ಕೈಯಲ್ಲಿ ಹಿಡಿದು, "ಸದೀಕ್, ಇದು ಒಳಗೆ ಏನು ಕೆಲಸ ಮಾಡುತ್ತದೆ?" ಎಂದು ಕೇಳಿದ. ನಮಗೆ ಗೊತ್ತಿರಲಿಲ್ಲ. ಹದಿಮೂರನೆಯ ಕಪಾಟಿನ ಮೂರನೆಯ ಸಾಲಿನಲ್ಲಿ ಇರುತ್ತದೆ ಎಂಬುದಷ್ಟೇ ಗೊತ್ತಿತ್ತು. "ಅದು ಮೆಕ್ಯಾನಿಕ್ಕುಗಳ ಕೆಲಸ, ನಮಗ್ಯಾಕೆ" ಎಂದು ಜಾರಿಕೊಂಡೆವು. ಅವನು ನಕ್ಕು ಸುಮ್ಮನಾದ. ಆ ನಗು ನಮಗೆ ಬಹಳ ದಿನ ನೆನಪಿತ್ತು.

2018ರ ಬೇಸಿಗೆಯಲ್ಲಿ ಕಾಗದ ಬಂತು. ಎಣ್ಣೆಯ ಬೆಲೆ 2014ರಿಂದ ಬಿದ್ದು ಗುತ್ತಿಗೆಗಳು ಕಡಿಮೆಯಾಗಿದ್ದವು. ಸ್ಟೋರಿಗೆ ಇಬ್ಬರು ಬೇಡ, ಒಬ್ಬರು ಸಾಕು ಎಂದಾಗ ಯಾರು ಉಳಿಯಬೇಕೆಂಬುದರಲ್ಲಿ ಅನುಮಾನ ಇರಲಿಲ್ಲ. ನಾವೇ ಕಲಿಸಿದ ಹುಡುಗ ನಮ್ಮ ಕುರ್ಚಿಯಲ್ಲಿ ಕುಳಿತ. ಅವನ ಮೇಲೆ ನಮಗೆ ಸಿಟ್ಟಿಲ್ಲ, ಇದು ಅವನ ಊರು. ಕೊನೆಯ ದಿನ ಅವನು ಹಲ್ವಾ ತಂದು ಕೊಟ್ಟ.

ಈಗ ಹಣದ ಲೆಕ್ಕ. ಆಗಿನ ಕಾನೂನಿನಂತೆ ಗ್ರಾಚ್ಯುಯಿಟಿ ಎಂದರೆ ಮೊದಲ ಮೂರು ವರ್ಷಕ್ಕೆ ತಲಾ 15 ದಿನದ, ಆಮೇಲಿನ ಪ್ರತಿ ವರ್ಷಕ್ಕೆ ಒಂದು ತಿಂಗಳ ಮೂಲ ಸಂಬಳ. (2023ರ ಹೊಸ ಕಾರ್ಮಿಕ ಕಾನೂನಿನಲ್ಲಿ ಪ್ರತಿ ವರ್ಷಕ್ಕೂ ಒಂದು ತಿಂಗಳಿನದಾಯಿತು.) ನಮ್ಮ ಹದಿನಾರು ವರ್ಷಕ್ಕೆ ಹದಿನಾಲ್ಕೂವರೆ ತಿಂಗಳಿನ ಮೂಲ ಸಂಬಳ ಸಿಕ್ಕಿತು. ಕೈಯಲ್ಲಿ ಹಿಡಿದಾಗ ದೊಡ್ಡ ಮೊತ್ತ. ಊರಿಗೆ ಹೋದ ಮೇಲೆ ಮನೆಗೆ ಬಣ್ಣ, ತಂಗಿಯ ಮಗಳ ಮದುವೆಗೆ ಬಳೆ, ಬಾವಿಗೆ ಹೊಸ ಪಂಪು. ಹೀಗೆ ಮಳೆಗಾಲ ಮುಗಿಯುವುದರೊಳಗೆ ಅದರ ಮೂರನೆಯ ಒಂದು ಪಾಲು ಕರಗಿತ್ತು. ಊರಿನವರು ಸಿಕ್ಕಿದಾಗಲೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಾವಾಗ ಹಿಂದೆ ಹೋಗುವುದು?" ಗಲ್ಫಿನಲ್ಲಿದ್ದವರಿಗೆ ಆ ಪ್ರಶ್ನೆ ಎಷ್ಟು ನೋಯಿಸುತ್ತದೆಂದು ನಿಮಗೆ ನಾವು ವಿವರಿಸಬೇಕಾಗಿಲ್ಲ.

ಪತ್ರಿಕೆಯ ಒಳಪುಟದ ಒಂದು ಚಿಕ್ಕ ಪ್ರಕಟಣೆಯನ್ನು ನೋಡಿದವರು ನಮ್ಮ ಮನೆಯವರು. ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ರೆಫ್ರಿಜರೇಟರ್ ಮತ್ತು ಎ.ಸಿ. ರಿಪೇರಿಯ 30 ದಿನಗಳ ತರಬೇತಿ, ಊಟ ವಸತಿ ಉಚಿತ, ವಯಸ್ಸು 18ರಿಂದ 45. ನಮಗೆ ಆಗ 44. "ನಾಲ್ಕು ತಿಂಗಳು ಕಳೆದರೆ ಇದೂ ಇಲ್ಲ, ನೋಡಿ" ಎಂದರು ಅವರು. ನಾವು ರೇಗಿದೆವು. ಹದಿನಾರು ವರ್ಷ ಗಲ್ಫಿನಲ್ಲಿದ್ದವನು ಈಗ ಹಾಸ್ಟೆಲಿನಲ್ಲಿ ಚಾಪೆ ಹಾಸಿ ಮಲಗಬೇಕೋ? ಊರಿನವರು ಏನೆಂದಾರು? ಅವರು ತಿರುಗಿ ಮಾತಾಡಲಿಲ್ಲ. ಆ ತುಂಡನ್ನು ಕತ್ತರಿಸಿ ಕನ್ನಡಿಯ ಮೂಲೆಗೆ ಸಿಕ್ಕಿಸಿದರು, ಅಷ್ಟೇ. ಗಡ್ಡ ಹೆರೆಯುವಾಗಲೆಲ್ಲ ಅದನ್ನು ಓದಬೇಕಾಯಿತು.

ಈ ಸಂಸ್ಥೆಗಳ ಹುಟ್ಟು ನಮ್ಮದೇ ನೆಲದ್ದು ಎಂಬುದನ್ನು ಇಲ್ಲಿ ಹೆಮ್ಮೆಯಿಂದ ಹೇಳಬೇಕು. 1982ರಲ್ಲಿ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕುಗಳು ಸೇರಿ ‘ರುಡ್‌ಸೆಟ್’ ಸಂಸ್ಥೆಯನ್ನು ಆರಂಭಿಸಿದವು. (ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾದಲ್ಲಿ ವಿಲೀನವಾಯಿತು. ಎರಡೂ ನಮ್ಮ ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳೇ.) ಆಮೇಲೆ ಧಾರವಾಡ, ಮೈಸೂರು, ಚಿತ್ರದುರ್ಗ, ಬ್ರಹ್ಮಾವರ ಎಂದು ಹಬ್ಬಿ, ಹೊರರಾಜ್ಯಗಳಿಗೂ ಹೋಯಿತು. ನಿರುದ್ಯೋಗಿ ಹಳ್ಳಿ ಹುಡುಗನನ್ನು ಕರೆದು, ಉಚಿತವಾಗಿ ಉಣಿಸಿ, ಕೆಲವೇ ವಾರಗಳಲ್ಲಿ ಒಂದು ಕಸುಬು ಕಲಿಸಿ, ಬ್ಯಾಂಕಿನ ಸಾಲಕ್ಕೆ ದಾರಿ ತೋರಿಸಿ, ಆಮೇಲೆ ಎರಡು ವರ್ಷ ಅವನ ಹಿಂದೆ ಬಿದ್ದು ವಿಚಾರಿಸುವುದು ಅದರ ಕ್ರಮ. ಈ ಉಜಿರೆಯ ಮಾದರಿಯನ್ನೇ ಹಿಡಿದು ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ 2009ರಲ್ಲಿ ಜಿಲ್ಲೆಗೊಂದು ಸಂಸ್ಥೆ ಎಂಬ ಯೋಜನೆ ಮಾಡಿತು. ಜಾಗ ರಾಜ್ಯ ಸರ್ಕಾರದ್ದು, ಕಟ್ಟಡಕ್ಕೆ ಒಂದು ಕೋಟಿ ರೂಪಾಯಿಯ ಅನುದಾನ ಕೇಂದ್ರದ್ದು, ನಡೆಸುವ ಹೊಣೆ ಬ್ಯಾಂಕಿನದು. ಬಡ ಕುಟುಂಬದಿಂದ ಬಂದವರ ತರಬೇತಿಯ ಖರ್ಚನ್ನು ಸರ್ಕಾರ ತುಂಬಿಕೊಡುತ್ತದೆ. ಇಂದು ಬಿಹಾರದಲ್ಲೋ ಅಸ್ಸಾಮಿನಲ್ಲೋ ಒಬ್ಬ ಹುಡುಗಿ ಹೊಲಿಗೆ ಕಲಿಯುತ್ತಿದ್ದರೆ ಅದರ ಬೇರು ನೇತ್ರಾವತಿಯ ದಡದ ಆಸುಪಾಸಿನಲ್ಲಿದೆ.

ಅಂತೂ ನಮ್ಮ ಜಿಲ್ಲೆಯ ಕಡೆಯ ಅಂತಹ ಒಂದು ಸಂಸ್ಥೆಗೆ ಹೋಗಿ ಅರ್ಜಿ ಕೊಟ್ಟೆವು. ಅಲ್ಲಿ ಒಂದು ಮುಜುಗರ ಕಾದಿತ್ತು. ತರಬೇತಿ ಪಡೆಯುವವರಲ್ಲಿ ಶೇಕಡ 70 ಮಂದಿ ಬಡತನ ರೇಖೆಗಿಂತ ಕೆಳಗಿನ ಗ್ರಾಮೀಣ ಕುಟುಂಬದವರಿರಬೇಕೆಂದು ನಿಯಮ. ನಮ್ಮದು ಟೆರೇಸು ಮನೆ. ಯಾರೋ ಬಡ ಹುಡುಗನ ಎಲೆಯಿಂದ ಅನ್ನ ಎತ್ತಿಕೊಂಡ ಹಾಗಾಗುವುದಿಲ್ಲವೇ ಎಂದು ನಮಗೆ ಅನ್ನಿಸಿದ್ದು ನಿಜ. ಅಲ್ಲಿನವರನ್ನೇ ಕೇಳಿದೆವು. ಉಳಿದ 30ರ ಪಾಲಿನಲ್ಲಿ ಜಾಗ ಇದೆ, ಬಂದು ಅರ್ಧಕ್ಕೆ ಬಿಟ್ಟು ಹೋದರೆ ಮಾತ್ರ ಅದು ಕದ್ದ ಹಾಗೆ, ಎಂದರು. ಆ ಮಾತು ನಮಗೆ ಒಪ್ಪಿಗೆಯಾಯಿತು.

ಬಂಧುಗಳೇ, ಆ ಮೂವತ್ತು ದಿನಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆ ಕೊಡಬೇಕು.

ನಮ್ಮ ತಂಡದಲ್ಲಿ ಮೂವತ್ತರ ಹತ್ತಿರ ಮಂದಿ. ಹೆಚ್ಚಿನವರು ಇಪ್ಪತ್ತರಿಂದ ಇಪ್ಪತ್ತೈದರ ಹುಡುಗರು. ಮೊದಲ ದಿನ "ಸರ್" ಎಂದರು, ನಮ್ಮನ್ನು ಮೇಷ್ಟ್ರೆಂದು ತಿಳಿದು. ಎರಡನೆಯ ದಿನ "ಅಂಕಲ್" ಎಂದರು. ವಾರದೊಳಗೆ "ಅಣ್ಣ" ಆಗಿತ್ತು. ಬೆಳಿಗ್ಗೆ ಎದ್ದು ಯೋಗ, ಪ್ರಾರ್ಥನೆ, ಅಂಗಳ ಗುಡಿಸುವ ಶ್ರಮದಾನ. ಆಮೇಲೆ ಅವರು ‘ಮಿಲ್ಲಿ’ ಎಂದು ಕರೆಯುವ ಒಂದು ಪದ್ಧತಿ. ನಿನ್ನೆ ಕಲಿತದ್ದರಲ್ಲಿ ಬಹಳ ಮುಖ್ಯವಾದದ್ದು ಯಾವುದು ಎಂದು ಎಲ್ಲರೆದುರು ಎದ್ದು ನಿಂತು ಹೇಳಬೇಕು. ಬಾಯಿಯೇ ಬಾರದ ಹುಡುಗರು ಹತ್ತು ದಿನದಲ್ಲಿ ನಿರರ್ಗಳವಾಗಿ ಮಾತಾಡತೊಡಗಿದರು. ನಮಗೆ ಮಾತ್ರ ಕಾಲು ನಡುಗುತ್ತಿತ್ತು. ಐದನೆಯ ದಿನ ನಮ್ಮ ಸರದಿ. ಎದ್ದು ನಿಂತು, "ಹದಿನಾರು ವರ್ಷದಲ್ಲಿ ಸಾವಿರಾರು ಕೆಪಾಸಿಟರ್ ಎಣಿಸಿ ಕೊಟ್ಟಿದ್ದೇನೆ. ಅದಿಲ್ಲದಿದ್ದರೆ ಮೋಟಾರು ಯಾಕೆ ತಿರುಗುವುದಿಲ್ಲ ಎಂದು ನಿನ್ನೆ ಗೊತ್ತಾಯಿತು" ಎಂದೆವು. ಹುಡುಗರು ಚಪ್ಪಾಳೆ ತಟ್ಟಿದರು. ನಮ್ಮ ಕಣ್ಣ ಮುಂದೆ ಬಂದದ್ದು ಆ ಒಮಾನಿ ಹುಡುಗನ ಮುಖ.

ಮೊದಲ ದಿನಗಳಲ್ಲಿ ಕೆಲವು ಆಟಗಳನ್ನು ಆಡಿಸುತ್ತಾರೆ. ಒಂದು ಗೂಟಕ್ಕೆ ದೂರದಿಂದ ಬಳೆ ಎಸೆಯುವುದು. ಎಷ್ಟು ದೂರ ನಿಲ್ಲುವುದೆಂದು ನೀವೇ ಆರಿಸಿಕೊಳ್ಳಬೇಕು. ಇನ್ನೊಂದು, ಕಣ್ಣು ಕಟ್ಟಿಕೊಂಡು ಮರದ ತುಂಡುಗಳ ಗೋಪುರ ಕಟ್ಟುವುದು. ಇದೇನು ಬಾಲವಾಡಿಯೋ ಎಂದು ನಾವು ಗೊಣಗಿದೆವು. ಇದರ ಹಿಂದೆ ದೊಡ್ಡ ಚರಿತ್ರೆಯೇ ಇದೆ ಎಂದು ಆಮೇಲೆ ತಿಳಿಯಿತು. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲ್ಯಾಂಡ್ ಎಂಬವರು 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳನ್ನು ಹೈದರಾಬಾದಿಗೆ ಕರೆಸಿ ಸಾಧನೆಯ ಛಲವನ್ನು ಕಲಿಸಬಹುದೇ ಎಂದು ಪರೀಕ್ಷೆ ಮಾಡಿದ್ದರು. ತೀರ ಹತ್ತಿರ ನಿಂತು ಎಸೆಯುವವನಿಗೂ ಕಣ್ಣಿಗೆಟುಕದಷ್ಟು ದೂರ ನಿಂತು ಎಸೆಯುವವನಿಗೂ ಉದ್ಯಮ ಕಷ್ಟ. ತನ್ನ ಅಳವು ನೋಡಿ ನಿಲ್ಲುವವನು ಗೆಲ್ಲುತ್ತಾನೆ ಎಂಬುದು ಆ ಆಟದ ಒಳಗುಟ್ಟು. ನಾವು ಗೂಟದ ಬುಡದಲ್ಲೇ ನಿಂತು ಐದಕ್ಕೆ ಐದು ಬಳೆ ಹಾಕಿದ್ದೆವು. ಮೇಷ್ಟ್ರು, "ನೀವು ಸಂಬಳದ ಮನುಷ್ಯ" ಎಂದರು. ಸಿಟ್ಟು ಬಂತು, ಆದರೆ ಮಾತು ಸುಳ್ಳಾಗಿರಲಿಲ್ಲ.

ಕೈಕೆಲಸದಲ್ಲಿ ಹುಡುಗರು ನಮಗಿಂತ ಚುರುಕು. ತಾಮ್ರದ ಪೈಪನ್ನು ಬ್ರೇಜಿಂಗ್ ಮಾಡುವಾಗ ನಮ್ಮ ಬೆಸುಗೆ ಎಂಟು ಸಲ ಸೋರಿತು. ಒಂಬತ್ತನೆಯ ಸಲ ಪಕ್ಕದ ಬೆಂಚಿನ ಸುಳ್ಯ ಕಡೆಯ ಹುಡುಗ, "ಅಣ್ಣ, ನೀವು ಬೆಂಕಿಯನ್ನು ಸರಿಗೆಗೆ ಕೊಡ್ತಾ ಇದ್ದೀರಿ. ಪೈಪಿಗೆ ಕೊಡಿ, ಸರಿಗೆ ತಾನೇ ಕರಗ್ತದೆ" ಎಂದು ತೋರಿಸಿಕೊಟ್ಟ. ಅಂದಿನಿಂದ ಸೋರಲಿಲ್ಲ. ಅವನಿಗೆ ನಾವು ಬಿಲ್ಲು ಬರೆಯುವುದು, ದಾಸ್ತಾನು ಪುಸ್ತಕ ಇಡುವುದು ಹೇಳಿಕೊಟ್ಟೆವು. ಅವನ ತಂದೆ ಕೂಲಿಗೆ ಹೋಗುವವರು. ಆ ಹುಡುಗ ಈ ಕಥೆಯಲ್ಲಿ ಮತ್ತೆ ಬರುತ್ತಾನೆ.

ತರಬೇತಿ ಮುಗಿಯಿತು, ಸರ್ಟಿಫಿಕೇಟು ಬಂತು, ಇನ್ನು ಹಣದ ಮಳೆ ಎಂದು ತಿಳಿದುಕೊಂಡರೆ ಮೋಸ ಹೋಗುತ್ತೀರಿ. ಮೊದಲು ಹೋದ ಬ್ಯಾಂಕಿನ ಶಾಖೆಯಲ್ಲಿ, "ಗಲ್ಫಿನಿಂದ ಬಂದವರಿಗೆ ಸಾಲ ಯಾಕೆ, ನಿಮ್ಮ ಹತ್ತಿರವೇ ಇರಬೇಕಲ್ಲ" ಎಂದು ನಗೆಯಾಡಿ ಅರ್ಜಿಯನ್ನು ಎರಡು ತಿಂಗಳು ಇಟ್ಟುಕೊಂಡು ವಾಪಸು ಕೊಟ್ಟರು. ಆಗ ತರಬೇತಿ ಸಂಸ್ಥೆಯವರೇ ಪ್ರಧಾನ ಮಂತ್ರಿಗಳ ಉದ್ಯೋಗ ಸೃಷ್ಟಿ ಕಾರ್ಯಕ್ರಮದ ದಾರಿ ಹೇಳಿದರು. 2008ರಿಂದ ಖಾದಿ ಆಯೋಗದ ಮೂಲಕ ನಡೆಯುತ್ತಿರುವ ಯೋಜನೆ ಅದು. ಹದಿನೆಂಟು ದಾಟಿದ ಯಾರಾದರೂ ಅರ್ಜಿ ಹಾಕಬಹುದು, ಮೇಲಿನ ವಯೋಮಿತಿ ಇಲ್ಲ. ಹಳ್ಳಿಯಲ್ಲಿ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇಕಡ 25, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು ಮೊದಲಾದವರಿಗೆ 35 ಸಹಾಯಧನ. ಪಟ್ಟಣದಲ್ಲಿ 15 ಮತ್ತು 25. ನಮ್ಮ ಮನೆಯವರ ಹೆಸರಿನಲ್ಲಿ ನಾಲ್ಕು ಲಕ್ಷದ ಯೋಜನೆ ಹಾಕಿದೆವು. ಅವರೂ ಉದ್ಯಮಶೀಲತಾ ತರಬೇತಿಗೆ ಹೋಗಿ ಕುಳಿತರು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಮಂದಿ ಇದರಲ್ಲಿ ತಪ್ಪು ತಿಳಿಯುತ್ತಾರೆ. ಸಬ್ಸಿಡಿ ಎಂದರೆ ಕೈಗೆ ಕೊಡುವ ನೋಟಿನ ಕಟ್ಟಲ್ಲ. ನಾಲ್ಕು ಲಕ್ಷದಲ್ಲಿ ಶೇಕಡ 5, ಅಂದರೆ 20,000 ನಮ್ಮದು. ಉಳಿದ 3,80,000 ಬ್ಯಾಂಕಿನ ಸಾಲ. ಸರ್ಕಾರದ 1,40,000 ನಮ್ಮ ಹೆಸರಿನಲ್ಲಿ ಅದೇ ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಸಾಲದ ಅಷ್ಟು ಭಾಗಕ್ಕೆ ಬಡ್ಡಿ ಕೊಡಬೇಕಾಗಿಯೂ ಇಲ್ಲ. ಮೂರು ವರ್ಷ ಅಂಗಡಿ ನಡೆದದ್ದು ನಿಜವೆಂದು ಕಂಡ ಮೇಲೆ ಸಾಲಕ್ಕೆ ವಜಾ ಆಗುತ್ತದೆ. ಅಂಗಡಿ ಮುಚ್ಚಿ ಗಲ್ಫಿಗೆ ಓಡಿದರೆ ಇಲ್ಲ. ಒಳ್ಳೆಯ ಏರ್ಪಾಡೆಂದೇ ನಮ್ಮ ಅಭಿಪ್ರಾಯ.

2019ರ ಫೆಬ್ರವರಿಯಲ್ಲಿ ಊರಿನ ಪೇಟೆಯಲ್ಲಿ ಅಂಗಡಿ ತೆರೆದೆವು. ಬೇಸಿಗೆ ಮೂರು ತಿಂಗಳು ಕೈ ತೊಳೆಯಲು ಪುರುಸೊತ್ತಿಲ್ಲ. ಜೂನಿನಲ್ಲಿ ಮಳೆ ಹಿಡಿಯಿತು ನೋಡಿ, ಎ.ಸಿ.ಯ ಮಾತೇ ಇಲ್ಲ! ವರ್ಷದ ಹೆಚ್ಚಿನ ತಿಂಗಳು ಸೆಖೆಯಿರುವ ಮಸ್ಕತ್ತಿನ ಲೆಕ್ಕ ಕರಾವಳಿಯಲ್ಲಿ ನಡೆಯುವುದಿಲ್ಲವೆಂಬ ಸಣ್ಣ ಸಂಗತಿ ನಮಗೆ ಹೊಳೆದಿರಲಿಲ್ಲ. ನಾಲ್ಕು ತಿಂಗಳು ಕಂತು ಕಟ್ಟಿದ್ದು ಗ್ರಾಚ್ಯುಯಿಟಿಯ ಹಣದಿಂದ. ಆಗ ಸುಳ್ಯದ ಆ ಹುಡುಗನನ್ನು ಕರೆದೆವು. ಅವನಿಗೆ ವಾಷಿಂಗ್ ಮೆಷಿನು, ಮಿಕ್ಸಿ, ಪಂಪುಸೆಟ್ಟು ಎಲ್ಲ ಬರುತ್ತಿತ್ತು. ಮಳೆಗಾಲದ ಕೆಲಸ ಹಾಗೆ ಶುರುವಾಯಿತು. ಇನ್ನೇನು ಎರಡನೆಯ ಬೇಸಿಗೆ ಬಂತು ಎನ್ನುವಾಗ 2020ರ ಮಾರ್ಚಿನ ಲಾಕ್‌ಡೌನು. ರಿಸರ್ವ್ ಬ್ಯಾಂಕು ಕಂತುಗಳಿಗೆ ಆಗಸ್ಟಿನವರೆಗೆ ವಿರಾಮ ಕೊಟ್ಟದ್ದರಿಂದ ಉಸಿರು ಉಳಿಯಿತು.

ಅದೇ ಮೇ ತಿಂಗಳಿನಲ್ಲಿ ವಂದೇ ಭಾರತ್ ವಿಮಾನಗಳಲ್ಲಿ ನಮ್ಮವರು ಊರಿಗೆ ಬರತೊಡಗಿದರು. ಅವರನ್ನು ನೋಡಿದಾಗ ಹಿರಿಯರು ಹೇಳುತ್ತಿದ್ದ 1990ರ ಕುವೈತಿನ ಕಥೆ ನೆನಪಾಯಿತು. ಆಗ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಮಿಕ್ಕಿ ಭಾರತೀಯರು ಉಟ್ಟ ಬಟ್ಟೆಯಲ್ಲಿ ಬಂದಿದ್ದರು. ಈ ಸಲ ಸರ್ಕಾರ ‘ಸ್ವದೇಸ್’ ಎಂಬ ಹೆಸರಿನಲ್ಲಿ ಮರಳಿದವರ ಕೌಶಲದ ಪಟ್ಟಿ ಮಾಡಿಸಿತು. ನಮ್ಮ ಊರಿನ ಒಬ್ಬರು ಆ ಅರ್ಜಿಯಲ್ಲಿ ‘ನಿಮಗೆ ಗೊತ್ತಿರುವ ಕೆಲಸ’ ಎಂಬಲ್ಲಿ ಏನು ಬರೆಯುವುದೆಂದು ನಮ್ಮ ಅಂಗಡಿಗೆ ಬಂದು ಕೇಳಿದರು. ಇಪ್ಪತ್ತೊಂದು ವರ್ಷ ಗಲ್ಫಿನಲ್ಲಿದ್ದವರು. ಆಫೀಸ್ ಬಾಯ್, ಚಹಾ, ಫೋಟೊಕಾಪಿ, ಬ್ಯಾಂಕಿಗೆ ಓಡಾಟ. ಇಬ್ಬರೂ ಪೆನ್ನು ಹಿಡಿದು ಬಹಳ ಹೊತ್ತು ಕುಳಿತಿದ್ದೆವು. ಅವರಿಗೆ ಆಗ ಐವತ್ತೊಂದು.

2021ರಲ್ಲಿ ನಾವು ಮತ್ತೆ ಮಸ್ಕತ್ತಿಗೆ ಬಂದೆವು. ಸೋತು ಬಂದದ್ದಲ್ಲ. ಅಂಗಡಿ ಇಬ್ಬರ ಹೊಟ್ಟೆಗೆ ಸಾಕು, ಮೂರು ಸಂಸಾರಕ್ಕೆ ಸಾಲದು ಎಂದು ಮನೆಯವರೇ ಲೆಕ್ಕ ಹಾಕಿ ಕಳಿಸಿದರು. ಈ ಸಲ ಸ್ಟೋರಿಗಲ್ಲ, ಮೆಯಿಂಟೆನೆನ್ಸ್ ಕೆಲಸಕ್ಕೆ. ಘಾಲಾದಲ್ಲಿ ಪರೀಕ್ಷೆಗೆಂದು ಎರಡು ತುಂಡು ಪೈಪು ಕೊಟ್ಟು ಬೆಸೆಯಲು ಹೇಳಿದರು. ಬೆಂಕಿಯನ್ನು ಪೈಪಿಗೆ ಕೊಟ್ಟೆವು. ಕೆಲವು ತಿಂಗಳ ಮೇಲೆ ಬಿಡಿಭಾಗ ತರಲು ಹಳೆಯ ಕಂಪನಿಯ ಕೌಂಟರಿಗೆ ಹೋದಾಗ ಅದೇ ಹುಡುಗ, ಈಗ ಗಡ್ಡ ಬಿಟ್ಟು ದೊಡ್ಡವನಾಗಿದ್ದಾನೆ. ನಾವು ಕೆಪಾಸಿಟರಿನ ಮೈಕ್ರೊಫ್ಯಾರಡ್ ಹೇಳಿ ಕೇಳಿದೆವು. ಅವನು ಹುಬ್ಬೇರಿಸಿ ನೋಡಿ, ಕೌಂಟರು ದಾಟಿ ಬಂದು ಕೈ ಹಿಡಿದುಕೊಂಡ. ಊರಿನ ಅಂಗಡಿ ಇವತ್ತೂ ನಡೆಯುತ್ತಿದೆ. 2022ರಲ್ಲಿ ಸಬ್ಸಿಡಿ ಸಾಲಕ್ಕೆ ವಜಾ ಆಯಿತು, 2024ರಲ್ಲಿ ಸಾಲ ತೀರಿತು. ಸುಳ್ಯದ ಹುಡುಗ ಈಗ ಪಾಲುದಾರ.

ಇನ್ನು ನಿಮಗೆ ನಮ್ಮ ಒಂದು ಬಿನ್ನಹ. ನಾವು ಮಾಡಿದ್ದು ಕೆಲಸ ಹೋದ ಮೇಲೆ, ಅದೂ ವಯಸ್ಸಿನ ಅಂಚಿನಲ್ಲಿ. ನೀವು ಕೆಲಸ ಇರುವಾಗಲೇ ಮಾಡಿ. ನಮ್ಮ ವಾರ್ಷಿಕ ರಜೆ ಮೂವತ್ತು ದಿನ, ಅಲ್ಲಿನ ಬಹಳಷ್ಟು ತರಬೇತಿಗಳೂ ಮೂವತ್ತು ದಿನ. ಮೊಬೈಲು ರಿಪೇರಿ, ಮೋಟಾರು ವೈಂಡಿಂಗು, ಹೊಲಿಗೆ, ಫೋಟೊಗ್ರಫಿ, ದ್ವಿಚಕ್ರ ವಾಹನ ರಿಪೇರಿ ಇವೆಲ್ಲ ಒಂದು ತಿಂಗಳಿನವು. ಹೈನುಗಾರಿಕೆ, ಅಣಬೆ ಬೇಸಾಯಗಳಿಗೆ ಹತ್ತೇ ದಿನ. ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟವೆಂದು ಬಲ್ಲೆವು. ಎರಡು ವರ್ಷಕ್ಕೊಮ್ಮೆ ಮುಖ ತೋರಿಸುವ ಗಂಡ, ಬಂದ ರಜೆಯನ್ನೂ ಹಾಸ್ಟೆಲಿನಲ್ಲಿ ಕಳೆಯುತ್ತೇನೆಂದರೆ ಯಾವ ಹೆಂಡತಿ ಒಪ್ಪಿಯಾಳು? ಅಪ್ಪ ಅಮ್ಮನ ಆಸ್ಪತ್ರೆ, ಮಕ್ಕಳ ಶಾಲೆ, ಮದುವೆ ಮುಂಜಿಗಳು ಬೇರೆ. ಹೀಗಾಗಿ ಎಲ್ಲ ರಜೆಯೂ ಬೇಡ, ಒಂದೇ ಒಂದು ರಜೆ. ಅದೂ ನಲವತ್ತೈದು ತುಂಬುವ ಮೊದಲು, ಏಕೆಂದರೆ ಆ ಸಂಸ್ಥೆಗಳು ಬಹುಕಾಲದಿಂದ ಇಟ್ಟುಕೊಂಡು ಬಂದ ಗೆರೆ ಅದು. ಅಥವಾ ಊರಿನಲ್ಲೇ ಇರುವ ನಿಮ್ಮ ಮನೆಯವರನ್ನು ಕಳಿಸಿ. ಇಲ್ಲಿರುವ ತಾಯಂದಿರಲ್ಲಿ ಪದವೀಧರರು ಎಷ್ಟು ಮಂದಿ, ಕೈ ಎತ್ತಿ ನೋಡೋಣ. ನೋಡಿ, ಅರ್ಧ ಸಭೆ! ಹಳ್ಳಿಯಲ್ಲಿ ಅವರ ಹೆಸರಿನಲ್ಲಿ ಶೇಕಡ 35 ಇದೆ ಎಂಬುದನ್ನು ಮರೆಯಬೇಡಿ.

ಐವತ್ತು ದಾಟಿದವರಿಗೂ ಬಾಗಿಲು ಮುಚ್ಚಿಲ್ಲ. ಈ ಸಭೆಯಲ್ಲಿ ಚಿನ್ನದ ಕೆಲಸದವರು, ಮರಗೆಲಸದವರು, ದರ್ಜಿಗಳು, ಕ್ಷೌರಿಕರು ಇದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆ ಇಂತಹ 18 ಕಸುಬಿನವರಿಗೆ. ಐದರಿಂದ ಏಳು ದಿನಗಳ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000, ಮೊದಲು ಒಂದು ಲಕ್ಷ ಆಮೇಲೆ ಎರಡು ಲಕ್ಷದ ಸಾಲ ಶೇಕಡ 5ರ ಬಡ್ಡಿಯಲ್ಲಿ. ಊರಿನಲ್ಲಿ ಸ್ವಂತವಾಗಿ ಆ ಕಸುಬು ಮಾಡುತ್ತಿರಬೇಕು, ಮನೆಗೆ ಒಬ್ಬರಿಗೆ ಮಾತ್ರ. ತೋಟ ಇದ್ದವರಿಗೆ ಇನ್ನೊಂದು: ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಮರ ಹತ್ತುವವರಿಗಾಗಿ ಆರು ದಿನಗಳ ತರಬೇತಿ ಆರಂಭಿಸಿ, ಹತ್ತುವ ಯಂತ್ರವನ್ನೂ ಉಚಿತವಾಗಿ ಕೊಟ್ಟಿತು. ಕಾಯಿ ಕೀಳಲು ಜನ ಸಿಗುವುದಿಲ್ಲವೆಂದು ಇಲ್ಲಿಂದ ಫೋನಿನಲ್ಲಿ ಗೋಳಾಡುವ ನಮ್ಮ ತೋಟದ ಯಜಮಾನರು ಇದನ್ನು ಮನಸ್ಸಿಗೆ ಹಾಕಿಕೊಳ್ಳಬೇಕು. ಹತ್ತುವುದು ಅವರ ವಯಸ್ಸಿಗೆ ಬಿಟ್ಟದ್ದು!

ಕಾಸರಗೋಡು, ಮಂಜೇಶ್ವರದ ಕನ್ನಡಿಗರಿಗೆ ಒಂದು ಹೆಚ್ಚಿನ ಅನುಕೂಲ ಇದೆ. ಕೇರಳ ಸರ್ಕಾರ 1996ರಲ್ಲೇ ಅನಿವಾಸಿಗಳಿಗಾಗಿ ನೋರ್ಕಾ ಇಲಾಖೆ ಮಾಡಿತು. ಎರಡು ವರ್ಷವಾದರೂ ಹೊರದೇಶದಲ್ಲಿ ದುಡಿದು ಮರಳಿದವರಿಗೆ ಅದರ ಪುನರ್ವಸತಿ ಯೋಜನೆಯಲ್ಲಿ 30 ಲಕ್ಷದವರೆಗಿನ ಉದ್ಯಮಕ್ಕೆ ಶೇಕಡ 15, ಹೆಚ್ಚೆಂದರೆ ಮೂರು ಲಕ್ಷ ಸಹಾಯಧನ ಇದೆ. ಅರ್ಜಿ ಮಲಯಾಳದಲ್ಲಿದೆ ಎಂದು ಬಿಡಬೇಡಿ, ಓದಿ ಹೇಳುವವರು ನಮ್ಮ ಸಂಘದಲ್ಲೇ ಇದ್ದಾರೆ. ಮರಳಿ ಬರುವವರನ್ನೇ ಕಣ್ಣಿನಲ್ಲಿಟ್ಟುಕೊಂಡು ಅಷ್ಟು ದೊಡ್ಡ ಏರ್ಪಾಡನ್ನು ನಮ್ಮ ಕರ್ನಾಟಕ ಸರ್ಕಾರವೂ ಮಾಡಬೇಕೆಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇವೆ. ಬೆಂಗಳೂರಿನಿಂದ ನಮ್ಮ ಸಮಾರಂಭಗಳಿಗೆ ಬರುವ ಗಣ್ಯರಿಗೆ ಶಾಲು ಹೊದಿಸುವಾಗ ಈ ಮನವಿಯನ್ನೂ ಕೈಯಲ್ಲಿಡಬೇಕೆಂದು ಕಾರ್ಯಕಾರಿ ಸಮಿತಿಯವರಲ್ಲಿ ವಿನಂತಿ.

ಸಾರಿನ ಘಮ ಬರುತ್ತಿದೆ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಬಾಗಿಲ ಬಳಿ, ಪಾದರಕ್ಷೆ ಬಿಡುವಲ್ಲಿ ಒಂದು ಮೇಜು ಹಾಕಿದ್ದೇವೆ. ಅದರ ಮೇಲೆ ಒಂದು ಪುಸ್ತಕ ಇದೆ. ನಿಮ್ಮ ಹೆಸರು, ಊರಿನ ತಾಲೂಕು, ವಯಸ್ಸು, ಮುಂದಿನ ರಜೆ ಯಾವ ತಿಂಗಳು, ಇಷ್ಟು ಬರೆದರೆ ಸಾಕು. ನಿಮ್ಮ ಜಿಲ್ಲೆಯ ಸಂಸ್ಥೆಯಲ್ಲಿ ಆ ತಿಂಗಳು ಯಾವ ತರಬೇತಿ ಇದೆಯೆಂದು ವಿಚಾರಿಸಿ ಹೇಳುವ ಕೆಲಸ ನಮ್ಮದು. ಜೇಬಿನಲ್ಲಿ ಕಾಗದ ಇರುವವರು ಹೆಸರು ಬರೆಯದಿದ್ದರೂ ಆದೀತು. ನಾವು ಊಟ ಮುಗಿಸಿ ಸಂಜೆ ಐದರವರೆಗೆ ಆ ಮೇಜಿನ ಬಳಿಯೇ ಇರುತ್ತೇವೆ.